ಎರಡು ಓಣಿಗಳ ಉಸಿರು

"ಮೌಶಿ, ಮುಂದ ನಾ ಮಷೀನ ತಂದು ನಿಮ್ಮನ್ನ ಊದಿಸಿದ್ರ, ಏನಾತಂತ ಎಲ್ಲಾರಕಿಂತ ಮೊದಲ ನಿಮ್ಮ ಓಣಿಗೆ ಬಂದು ಹೇಳ್ತೀನಿ" ಎಂದು ವಾಜಿದಾ ಮೇಡಂ ಸುಂದ್ರವ್ವನಿಗೆ ಮಾತು ಕೊಟ್ಟಾಗ ಅವರಿನ್ನೂ ವಿದ್ಯಾರ್ಥಿನಿ. ಸುಂದ್ರವ್ವ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವಾಕೆ. ಮೇಡಂ ಅವರ ತಾಯಿ ಸಕೀನಾಬಿ ಆಕೆಯ ಮಗ್ಗುಲಲ್ಲೇ ಕೂತು ಜೀವಮಾನವಿಡೀ ಬೀಡಿ ಕಟ್ಟಿದವರು. ಉಸಿರಿನ ಬಲ ಅಳೆಯುವ ಯಂತ್ರ ಹಿಡಿದು ಆ ಓಣಿಗೆ ಮೊದಲೂ ಕೆಲವರು ಬಂದಿದ್ದರಂತೆ. ಊದಿಸಿಕೊಂಡು ಹೋದವರು ತಿರುಗಿ ಬರಲಿಲ್ಲ. "ನಮ್ಮ ಉಸರ ಒಯ್ದು ಯಾವ ಕಪಾಟಿನ್ಯಾಗ ಇಟ್ಟಾರೋ ಏನೋ" ಎಂದು ಸುಂದ್ರವ್ವ ನಗುತ್ತಿದ್ದಳು.

ಈಗ ಮೇಡಂ ಪ್ರಾಧ್ಯಾಪಕಿ, ನಾನು ಅವರ ಕೈಕೆಳಗಿನ ಉಪನ್ಯಾಸಕಿ. ಜಾವಾ ದ್ವೀಪದ ಒಂದು ವಿಶ್ವವಿದ್ಯಾಲಯದ ಜೊತೆ ನಮ್ಮದು ಒಪ್ಪಂದ ಮಾಡಿಕೊಂಡಿದೆ. ಅಲ್ಲಿ ಲವಂಗ ಬೆರೆಸಿದ ಸಿಗರೇಟನ್ನು ಕೈಯಲ್ಲೇ ಸುತ್ತುವ ಹೆಂಗಸರು, ಇಲ್ಲಿ ಬೀಡಿ ಕಟ್ಟುವವರು. ಇಬ್ಬರ ಉಸಿರನ್ನೂ ಅಳೆದು ನೋಡುವ ಕೆಲಸ. ಅಳೆಯುವುದು ಮುಗಿದಿತ್ತು, ಹೇಳುವುದು ಉಳಿದಿತ್ತು. ಈ ಕಡೆಯ ಮುಂದಾಳು ವಾಜಿದಾ ಮೇಡಂ, ಆ ಕಡೆ ಪ್ರೊಫೆಸರ್ ರೆತ್ನೊ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಫಲಿತಾಂಶ ಹೇಳುವಂತಿಲ್ಲ ಎಂಬುದು ಕರಾರು.

ಮೊದಲು ಓಣಿಗೇ ಹೇಳೋಣವೆಂದರೆ ರೆತ್ನೊ ಒಪ್ಪಲಿಲ್ಲ. "ನಮ್ಮಲ್ಲಿ ಹಿರಿಯರಿಗೆ ಅರಿಕೆ ಮಾಡದೆ ಬೇರೆಯವರಿಗೆ ಹೇಳಿದರೆ ಅಗೌರವ. ಮೊದಲು ಕುಲಪತಿಗಳಿಗೆ, ಆಮೇಲೆ ಮಿಕ್ಕವರಿಗೆ" ಎಂದು ಪ್ರತಿ ಸಭೆಯಲ್ಲೂ ನಗುನಗುತ್ತಲೇ ಹೇಳಿದರು. ನಾನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಮೇಡಂ ಮಾತ್ರ, "ಖರೇ. ಹಿರಿಯರಿಗೇ ಮೊದಲು. ಬನ್ನಿ, ನಮ್ಮ ಹಿರಿಯರನ್ನು ನೋಡುವಿರಂತೆ" ಎಂದರು.

ರೆತ್ನೊ ಬಂದ ದಿನ ಕಾರು ಕುಲಪತಿಗಳ ಕಚೇರಿಗೆ ತಿರುಗಲಿಲ್ಲ, ನೇರ ನಿಪ್ಪಾಣಿಗೆ ಹೋಯಿತು.

ಸುಂದ್ರವ್ವನ ಪಡಸಾಲೆಯಲ್ಲಿ ನಾನೇ ಮುಂಚೆ ಹೋಗಿ ಕುರ್ಚಿ ಹಾಕಿಸಿದ್ದೆ. ರೆತ್ನೊ ಚಪ್ಪಲಿ ಬಿಟ್ಟು ಒಳಗೆ ಬಂದದ್ದೇ, ಎಲೆ ತಂಬಾಕು ಬದಿಗಿಟ್ಟು ಓಣಿಯ ಹೆಂಗಸರೆಲ್ಲ ಎದ್ದು ನಿಂತರು. ಹಿರಿಯರು ನಿಂತಿದ್ದಾರೆಂದು ರೆತ್ನೊ ಬಗ್ಗಿದರು. ಅತಿಥಿ ಬಗ್ಗಿದ್ದು ನೋಡಿ ಕೂರಲು ಹೊರಟವರೂ ಮತ್ತೆ ಎದ್ದರು. ರೆತ್ನೊ ಇನ್ನಷ್ಟು ಬಗ್ಗಿದರು.

"ಯವ್ವಾ, ನಾವು ಏಳೂದು, ನೀ ಬಗ್ಗೂದು, ಹಿಂಗಾದ್ರ ಇಲ್ಲೇ ಸಂಜಿ ಆಕ್ಕೈತಿ. ಕುಂದರ ಬೇ!" ಎಂದು ಸುಂದ್ರವ್ವ ಕೈ ಹಿಡಿದು ನೆಲಕ್ಕೆ ಜಗ್ಗಿದಳು. ರೆತ್ನೊ ಆಕೆಯ ಪಕ್ಕದಲ್ಲೇ ಕೂತರು.

"ಪ್ರೊಫೆಸರ್ ಅಂದ್ರ ಹಿಂಗೂ ಇರ್ತಾರೇನ?" ಎಂದಳು ಪಕ್ಕದ ಮನೆಯ ಕಾಂಚನ, ನನ್ನನ್ನೇ ನೋಡುತ್ತ. "ನಮ್ಮವರು ಕುರ್ಚಿ ಬಿಟ್ಟು ಇಳಿಯಂಗೇ ಇಲ್ಲ." ನಾನು ಇಳಿದೆ.

ಬೀಡಿ ಕಟ್ಟುವ ಮನೆಯಲ್ಲಿ ಖಾಲಿ ಕೈಯಲ್ಲಿ ಕೂರುವ ರೂಢಿಯಿಲ್ಲ. ಬಂದವರ ಮುಂದೆಯೂ ಎಲೆ, ಕತ್ತರಿ ಇಟ್ಟ ಮೊರ ಸರಿಸುತ್ತಾರೆ. ರೆತ್ನೊ ಮುಂದೆಯೂ ಸುಂದ್ರವ್ವ ಸರಿಸಿದಳು. ಅವರು ಕತ್ತರಿ ಎತ್ತಿಕೊಂಡರು. ಕತ್ತರಿ ಎಲೆಯ ಅಂಚಿನಗುಂಟ ಸರ್ರನೆ ಹರಿಯಿತು. ಎಲ್ಲರ ಕಣ್ಣೂ ಆ ಬೆರಳುಗಳ ಮೇಲೆ.

"ನನ್ನ ತಾಯಿ ಸಿಗರೇಟಿನ ತುದಿ ಕತ್ತರಿಸುವ ಕೆಲಸದಲ್ಲಿದ್ದಳು" ಎಂದರು ರೆತ್ನೊ ಇಂಗ್ಲಿಷಿನಲ್ಲಿ. "ಅವಳ ಪಕ್ಕ ಕೂತು ಕಲಿತದ್ದು."

ಮೇಡಂ ಅದನ್ನು ಕನ್ನಡದಲ್ಲಿ ಹೇಳಹೋಗಿ ಅರ್ಧಕ್ಕೇ ನಿಂತರು. ಇಷ್ಟು ಕಾಲ ಜೊತೆಗೆ ಕೆಲಸ ಮಾಡಿಯೂ ಇಬ್ಬರು ಮುಂದಾಳುಗಳು ತಮ್ಮ ತಾಯಂದಿರ ವಿಷಯ ಒಬ್ಬರಿಗೊಬ್ಬರು ಆಡಿರಲಿಲ್ಲ.

"ಫಲಿತಾಂಶ ಹೇಳಿ ಬಿಡಿ" ಎಂದರು ರೆತ್ನೊ. "ಇವರೇ ಹಿರಿಯರು."

ಮೇಡಂ ಬಾಯಿ ತೆರೆಯುವುದರೊಳಗೆ ಸುಂದ್ರವ್ವ ಕೈ ಅಡ್ಡ ಹಿಡಿದಳು. "ತಡಿ. ಇವರ ಊರಾಗ ಊದಿದ ಹೆಣ್ಮಕ್ಕಳಿಗೆ ಹೇಳೀರೇನು?"

ಮೇಡಂ ಇಂಗ್ಲಿಷಿಗೆ ತಿರುಗಿಸಿದರು. ರೆತ್ನೊ ತಲೆಯಾಡಿಸಿದರು. ಇಲ್ಲ.

"ಹಂಗಾದ್ರ ನಾವಷ್ಟ ಹ್ಯಾಂಗ ಕೇಳೂದು? ಪಂಕ್ತಿಯೊಳಗ ಒಬ್ಬಾಕಿಗೆ ನೀಡಿ ಬಾಜೂದಾಕೀನ್ನ ಬಿಟ್ರ ತುತ್ತು ಇಳಿತೈತೇನು?"

"ಮೌಶಿ, ನಿಮಗ ಮೊದಲ ಅಂತ ಮಾತ ಕೊಟ್ಟೀನಿ ನಾ."

"ಕೊಟ್ಟಾಕಿ ನೀ, ತಗೊಂಡಾಕಿ ನಾ, ಬಿಡಾಕೀನೂ ನಾನ. ಸುಮ್ಮ ಕುಂದರು."

ಮೇಡಂ ಸುಮ್ಮನೆ ಕೂತರು. ಅವರು ಅಷ್ಟು ವಿಧೇಯರಾಗಿ ಕೂತದ್ದನ್ನು ನಾನು ಯಾವ ಸಭೆಯಲ್ಲೂ ಕಂಡಿಲ್ಲ. ಸುಂದ್ರವ್ವ ಅಂದದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ರೆತ್ನೊ ತಮ್ಮೂರಿಗೆ ಫೋನು ಹಚ್ಚಿದರು, ಅಲ್ಲಿಯವರು ಸೇರುವ ತನಕ ಕಾದೆವು. ನಾನು ಲ್ಯಾಪ್‌ಟಾಪನ್ನು ತಂಬಾಕಿನ ಡಬ್ಬಿಯ ಮೇಲಿಟ್ಟೆ. ಪರದೆಯ ಮೇಲೆ ಒಂದು ಪಡಸಾಲೆ ಮೂಡಿತು. ತಲೆವಸ್ತ್ರ ಸುತ್ತಿದ ಹೆಂಗಸರು, ಸಾಲಾಗಿ, ನೆಲದ ಮೇಲೆ. ಕಾಂಚನ ಒಂದು ಎಲೆ ಎತ್ತಿ ತೋರಿಸಿದಳು. ಸಮುದ್ರದಾಚೆ ಒಬ್ಬಾಕೆ ಕತ್ತರಿ ಎತ್ತಿದಳು. ಅಲ್ಲಿ ಯಾರೋ ಕೆಮ್ಮಿದರು. ಇಲ್ಲಿ ಸುಂದ್ರವ್ವ ಕೆಮ್ಮಿದಳು. ಅದೇ ಒಣ ಕೆಮ್ಮು. ಎರಡೂ ಓಣಿ ಒಂದು ಗಳಿಗೆ ದಂಗಾಗಿ ನೋಡಿಕೊಂಡವು, ಆಮೇಲೆ ನಕ್ಕವು. ನನ್ನ ಮಗಳ ಶಾಲೆ ಬಿಟ್ಟು, ಅವಳನ್ನು ಕರೆತರುವ ಹೊತ್ತು ಮೀರಿದ್ದು ನನಗೆ ಆಗ ನೆನಪೇ ಇರಲಿಲ್ಲ.

ಮೇಡಂ ಕನ್ನಡದಲ್ಲಿ, ನಡುನಡುವೆ ಮರಾಠಿಯಲ್ಲಿ ಹೇಳಿದರು. ರೆತ್ನೊ ತಮ್ಮ ಭಾಷೆಯಲ್ಲಿ. ತಂಬಾಕಿನ ಧೂಳು ಎರಡೂ ಊರಿನ ಉಸಿರನ್ನು ಸವೆಸಿದೆ, ಯಾರಿಗೆ ಔಷಧ ಬೇಕು, ಧೂಳು ತಡೆಯಲು ಏನು ಮಾಡಬೇಕು, ಎಲ್ಲ. ಯಾರೂ ಅಳಲಿಲ್ಲ. ಸುಂದ್ರವ್ವ ಪರದೆಯ ಕಡೆಗೆ ಕೈಮುಗಿದಳು.

ನಿಪ್ಪಾಣಿಯ ಓಣಿಗೆ ಎಲ್ಲರಿಗಿಂತ ಮೊದಲು ಹೇಳುತ್ತೇನೆಂದು ವಾಜಿದಾ ಮೇಡಂ ಕೊಟ್ಟ ಮಾತು ನಡೆಯಲಿಲ್ಲ. ಎರಡೂ ಓಣಿಗೆ ಒಟ್ಟಿಗೇ ಹೇಳಿದರು.