ಕಾರ್ಡ್ಯೂ ಮೇಷ್ಟರ ಮುರಿದ ಬೆರಳು

ಆಗಸ್ಟಿನಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ನಮ್ಮ ಕೌಂಟಿಯ ಕ್ರಿಕೆಟ್ ತಂಡದಲ್ಲಿ ವಿಕೆಟ್ ಹಿಂದಿನ ಜಾಗ ಹ್ಯೂ ಕಾರ್ಡ್ಯೂ ಮೇಷ್ಟರದು. ಮೇ ತಿಂಗಳಿಂದ ಅಲ್ಲಿ ಮೊಣಕಾಲು ಸವೆಸಿದ ಆಂಬ್ರೋಸ್ ಟಕೆಟ್ ಆ ತಿಂಗಳ ಕೂಲಿ ಕಳೆದುಕೊಂಡು ಸುಮ್ಮನೆ ಎದ್ದು ಹೋಗಬೇಕು. ಮೇಷ್ಟರು ಸಂಬಳ ಮುಟ್ಟದೆ ಆಡುವ ದೊಡ್ಡ ಮನೆತನದವರು. ಟಕೆಟ್ ಕೂಲಿಗೆ ಆಡುವವನು. ಇಬ್ಬರಿಗೂ ಬಟ್ಟೆ ಬದಲಿಸುವ ಕೋಣೆ ಬೇರೆ, ಮೈದಾನಕ್ಕಿಳಿಯುವ ಗೇಟೂ ಬೇರೆ. ಇದಕ್ಕೆ ಸಂಪ್ರದಾಯ ಎನ್ನುತ್ತಿದ್ದರು. ನನ್ನನ್ನು ಕೇಳಿದರೆ ಹಾಡಹಗಲ ದರೋಡೆ.

ಮೇಷ್ಟರಿಗೂ ಹಾಗೇ ಅನಿಸುತ್ತಿತ್ತು. ಗ್ಲೌಸಿನೊಳಗೆ ಹಸಿ ಮಾಂಸದ ತುಂಡಿಟ್ಟು ಅಂಗೈ ಉಳಿಸಿಕೊಳ್ಳುವುದನ್ನು ಅವರಿಗೆ ಕಲಿಸಿದವನೇ ಟಕೆಟ್. ೧೯೦೮ರಲ್ಲಿ ಅವನ ಹೆಂಡತಿ ಎದುರಾದಾಗ ಮೇಷ್ಟರು ಟೋಪಿ ಎತ್ತಿದರು. ಆಕೆ ಮುಖ ತಿರುಗಿಸಿಕೊಂಡು ಹೋದಳು. ಅಂದಿನಿಂದ ಆಗಸ್ಟ್ ಎಂದರೆ ಅವರಿಗೆ ಎದೆಯ ಮೇಲೆ ಕಲ್ಲು.

೧೯೦೯ರ ಆಗಸ್ಟಿನ ಮೊದಲ ಪಂದ್ಯಕ್ಕೆ ಮೇಷ್ಟರು ಬಲಗೈ ತೋರುಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡು ಬಂದರು. ಬೆರಳಿಗೆ ಏನೂ ಆಗಿರಲಿಲ್ಲ.

"ರೈಲಿನ ಬಾಗಿಲಿಗೆ ಸಿಕ್ಕಿ ಮುರೀತು," ಎಂದು ನಾಯಕನಿಗೆ ಸುಳ್ಳು ಹೇಳಿದರು. "ಈ ತಿಂಗಳು ನನ್ನ ಕೈಲಾಗಲ್ಲ. ಟಕೆಟ್ಟೇ ಆಡ್ಲಿ."

"ಒಳ್ಳೆ ಕಥೆಯಾಯ್ತಲ್ಲ ನಿಮ್ದು!" ಎಂದು ಗೊಣಗಿದ ನಾಯಕ, ಟಕೆಟ್ ಹೆಸರು ಬರೆದು ಎದುರಾಳಿಗಳಿಗೆ ಪಟ್ಟಿ ಕೊಟ್ಟ.

ಮೇಷ್ಟರು ಮನಸ್ಸು ಹಗುರಾಗಿ ಕೂಲಿ ಆಟಗಾರರ ಕೋಣೆಗೆ ನುಗ್ಗಿದರು. ಟಕೆಟ್ ಒಬ್ಬನೇ ಕೂತಿದ್ದ. ಅವನ ಬಲಗೈ ಹಿಡಿದು ಗಟ್ಟಿಯಾಗಿ ಕುಲುಕಿದರು. "ಈ ತಿಂಗಳು ಪೂರ್ತಿ ನಿಂದೇ ಕಣಯ್ಯಾ!"

"ಅಯ್ಯಮ್ಮಾ!" ಟಕೆಟ್ ಕೈ ಕಿತ್ತುಕೊಂಡ. ಅವನ ನಡುಬೆರಳು ಊದಿ ಕಪ್ಪಾಗಿತ್ತು.

ಅವನು ಮೇಷ್ಟರ ಬ್ಯಾಂಡೇಜು ನೋಡಿದ. "ಮುರಿದ ಬೆರಳಲ್ಲಿ ಹಿಂಗೆ ಹಿಂಡೋಕಾಗುತ್ತಾ ಸಾರ್?"

ಮೇಷ್ಟರ ಮುಖ ಬಿಳುಚಿತು. "ನಿಂದು ಯಾವಾಗ ಮುರೀತು?"

"ಹೋದ ವಾರ. ಕಮಿಟಿಯವ್ರಿಗೆ ಗೊತ್ತಾದ್ರೆ ಮುಂದಿನ ವರ್ಷ ಹೊಸಬನ್ನ ತಗೋತಾರೆ. ನೀವು ಬರ್ತೀರ, ಸದ್ದಿಲ್ದೆ ಕೈಗೆ ರಜ ಸಿಗುತ್ತೆ ಅಂತ ಹಲ್ಲು ಕಚ್ಕೊಂಡು ಕಾಯ್ತಿದ್ದೆ. ಈ ಸಲ ನೀವು ಬೇಗ ಬರ್ಲಿ ಅಂತ ನನ್ ಹೆಂಡ್ತೀನೂ ಚರ್ಚಲ್ಲಿ ಬೇಡ್ಕೊಂಡ್ಲು."

"ಈಗ್ಲೇ ಹೋಗಿ ನಿಜ ಹೇಳ್ತೀನಿ."

"ಯಾಕೆ ಸುಳ್ಳು ಹೇಳಿದ್ರಿ ಅಂತ ಕೆದಕ್ತಾರೆ, ಕೊನೆಗೆ ನನ್ ಕೈ ನೋಡ್ತಾರೆ. ದಮ್ಮಯ್ಯ, ಸುಮ್ನಿದ್ಬಿಡಿ. ಬನ್ನಿ, ಗ್ಲೌಸ್ ಹಾಕಿ."

ಮೇಷ್ಟರು ಮಾಂಸದ ತುಂಡಿಟ್ಟು, ಆ ಊದಿದ ಬೆರಳನ್ನು ಗ್ಲೌಸಿನೊಳಗೆ ತೂರಿಸಿದರು. ಟಕೆಟ್ ತುಟಿ ಕಚ್ಚಿದ. ಗಂಟೆ ಹೊಡೆಯಿತು, ಅವನು ತನ್ನ ಗೇಟಿನಿಂದ ಮೈದಾನಕ್ಕಿಳಿದ.

ಮೇಷ್ಟರು ಪೆವಿಲಿಯನ್ನಿನಲ್ಲಿ ಕೂತರು. ಚೆಂಡು ಗ್ಲೌಸಿಗೆ ಬಡಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ಪಾಪ, ತುಂಬಾ ನೋಯ್ತಿದ್ಯಾ?" ಪಕ್ಕದಲ್ಲಿದ್ದ ಮುದುಕಿ ಕೇಳಿದಳು.

ಊಟದ ಹೊತ್ತಿಗೆ ಮುಂಚೆ ಬ್ಯಾಟಿನ ಅಂಚು ಸವರಿ ಹಾರಿದ ಚೆಂಡನ್ನು ಟಕೆಟ್ ಬಲಕ್ಕೆ ಜಿಗಿದು, ಅದೇ ಕೈಯಲ್ಲಿ ಹಿಡಿದ. ಇಡೀ ಮೈದಾನ ಎದ್ದು ನಿಂತಿತು. ಮೇಷ್ಟರೂ ಎದ್ದು ಚಪ್ಪಾಳೆಗೆ ಕೈ ಎತ್ತಿದರು.

ಮುದುಕಿ ಅವರ ಕೈ ಹಿಡಿದು ಮೆಲ್ಲಗೆ ಇಳಿಸಿದಳು. "ಬೇಡಪ್ಪಾ, ಬೇಡ. ಮುರಿದಿರೋದು ನಿಮ್ ಬೆರಳು. ನೀವು ಕೂತ್ಕೊಳ್ಳಿ."

ಮೇಷ್ಟರು ಕೂತರು.