ಸದ್ದಿಲ್ಲದ ಗಾಡಿಯ ಕಿವಿಮೇಸ್ತ್ರಿ

ನನ್ನ ಮಾವನವರು ಯಾರ ಮುಖವನ್ನೂ ನೆಟ್ಟು ನೋಡುವವರಲ್ಲ. ಎದುರಿಗೆ ಯಾರೇ ಬಂದು ನಿಲ್ಲಲಿ, ತಲೆಯನ್ನು ಎಡಕ್ಕೆ ವಾಲಿಸಿ, ಬಲಗಿವಿಯನ್ನು ಅವರತ್ತ ಚಾಚಿ, ತೋರುಬೆರಳೆತ್ತಿ "ತಡಿ" ಎನ್ನುತ್ತಾರೆ; ಮದುವೆಯಾಗಿ ಬಂದ ಮೊದಲ ದಿನ ನನಗೂ ಹಾಗೆಯೇ ಎಂದು, ನನ್ನೊಳಗಿನ ಏನನ್ನೋ ಆಲಿಸಿ, ಸಮಾಧಾನಗೊಂಡವರಂತೆ ಒಳಗೆ ಹೋಗಿಬಿಟ್ಟಿದ್ದರು. ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಾನಿಸಿ ಒಳಗಿನ ರೋಗ ಹೇಳುತ್ತಿದ್ದರಿಂದ ಗ್ಯಾರೇಜಿನವರ ಬಾಯಲ್ಲಿ ಅವರು ಕಿವಿಮೇಸ್ತ್ರಿ. ನಿವೃತ್ತರಾದರೂ ಗ್ಯಾರೇಜಿನ ಬೂದುಬಣ್ಣದ ಕೋಟು ಮೈಬಿಟ್ಟಿಲ್ಲ. ರಬ್ಬರ್ ಅಟ್ಟೆಯ ಬೂಟಿನಲ್ಲಿ ಅವರು ಬಂದದ್ದೇ ತಿಳಿಯುವುದಿಲ್ಲ. ಹಾಲು ಕಾಯಿಸುತ್ತ ತಿರುಗಿದರೆ ಬೆನ್ನ ಹಿಂದೆಯೇ ನಿಂತಿರುತ್ತಾರೆ, ಆಲಿಸುತ್ತಾ.

ಎದುರುಮನೆಯ ಟೈಲರ್ ಒಮ್ಮೆ ಗೇಟಿನ ಬಳಿ ನಗುನಗುತ್ತ ಮಾತಾಡಿ ಹೋದಾಗ "ಬೇರಿಂಗು ಹೋಗಿದೆ, ಪಾಪ" ಅಂದರು. ನಾವು ನಕ್ಕೆವು. ಒಂಬತ್ತನೆಯ ದಿನ ಟೈಲರ್ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವನು ಏಳಲೇ ಇಲ್ಲ. ಆಮೇಲೆ ನಾವು ನಗುವುದನ್ನು ಬಿಟ್ಟೆವು.

ನನ್ನ ಗಂಡ ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರು ತಂದಾಗ ಮಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಏನೋ ಇದು, ಸತ್ತಿದೆಯೋ ಬದುಕಿದೆಯೋ ಗೊತ್ತಾಗಲ್ಲ!"

"ಪೆಟ್ರೋಲ್ ಉಳಿಯುತ್ತೆ ಅಪ್ಪಾ."

"ಉಳಿಸಿ ಕುಡೀತೀಯಾ?"

ಆದರೆ ತಿಂಗಳೊಳಗೆ ಸ್ಟೀರಿಂಗ್ ಅವರ ಕೈ ಸೇರಿತ್ತು. ಪೆಟ್ರೋಲಿನ ಮಾತೆತ್ತಿದರೆ ಆಕಳಿಸುತ್ತಿದ್ದವರು, ಯಾರೂ ಕೇಳದ ಗುಣಗಳನ್ನು ಮಾತ್ರ ಬಾಯಿತುಂಬ ಹೊಗಳುತ್ತಿದ್ದರು: ಓಟದ ರಭಸವನ್ನು ಬ್ಯಾಟರಿಯೇ ಹೀರಿಕೊಳ್ಳುವುದರಿಂದ ಸವೆಯದ ಬ್ರೇಕು, ನಿಂತಲ್ಲಿ ಮೂಗಿಗೆ ಹೊಡೆಯದ ಹೊಗೆ, ಮಲಗಿದ ಮಗುವನ್ನು ಅಲುಗಿಸದೆ ಗಲ್ಲಿಯೊಳಗೆ ನೆರಳಿನಂತೆ ಜಾರುವ ನಡೆ. ಒಳಗೆ ರೇಡಿಯೊ ಹಾಕುವಂತಿರಲಿಲ್ಲ. ಎಂಜಿನ್ ತಾನಾಗಿ ಸುಮ್ಮನಾದಾಗಲೆಲ್ಲ ಅವರ ಮುಖದಲ್ಲಿ ಒಂದು ಹಸಿವು ಮೂಡುತ್ತಿತ್ತು. ಕನ್ನಡಿಯಲ್ಲಿ ಅದನ್ನು ಕಂಡು ನಾನು ಮಗುವನ್ನು ಇನ್ನಷ್ಟು ಅಪ್ಪಿಕೊಳ್ಳುತ್ತಿದ್ದೆ.

ಮಗುವಿಗೆ ಒಂದೂವರೆ ವರ್ಷ. ಮೂರು ದಿನದ ಕೆಮ್ಮು. ಮೋಡ ಕವಿದ ಮಧ್ಯಾಹ್ನ, ಬೀದಿ ಕೊನೆಯ ಡಾಕ್ಟರಿಗೆ ತೋರಿಸೋಣವೆಂದು ಹೊರಟೆವು. ಕೆಂಪು ದೀಪ ಬಿತ್ತು. ಎಂಜಿನ್ ನಿಂತಿತು. ಮಾವ ಏಸಿಯನ್ನೂ ಆರಿಸಿದರು. ಗಾಜಿನಾಚೆ ಜನರ ಬಾಯಿಗಳು ಸದ್ದಿಲ್ಲದೆ ತೆರೆದು ಮುಚ್ಚುತ್ತಿದ್ದವು. ಬೆರಳು ಮೇಲೆದ್ದಿತು.

"ತಡಿ."

ಅವರ ಕಿವಿ ನನ್ನ ಮಡಿಲಲ್ಲಿದ್ದ ಮಗುವಿನತ್ತ ವಾಲಿತ್ತು.

"ಒಂದು ಸಿಲಿಂಡರ್ ಹೊಡೀತಿಲ್ಲಮ್ಮ."

"ಮಾವಾ, ಇದು ನಿಮ್ಮ ಗ್ಯಾರೇಜಿಗೆ ಬಂದ ಗಾಡಿ ಅಲ್ಲ. ನನ್ನ ಮಗು!"

"ಅದಕ್ಕೇ ಹೇಳ್ತಿರೋದು. ಬಲಗಡೆ ಸುಮ್ನಿದೆ."

ನನಗೆ ಏನೂ ಕೇಳಿಸಲಿಲ್ಲ. ನಮ್ಮ ಡಾಕ್ಟರ ಬೋರ್ಡು ಮಾತ್ರ ಕಿಟಕಿಯಲ್ಲಿ ಹಿಂದೆ ಸರಿಯಿತು. ಅವರು ದೊಡ್ಡಾಸ್ಪತ್ರೆಯ ಮುಂದೆಯೇ ಗಾಡಿ ನಿಲ್ಲಿಸಿದರು. ಅಲ್ಲಿನ ವೈದ್ಯೆ ಸ್ಟೆತಾಸ್ಕೋಪನ್ನು ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಮತ್ತೆ ಬಲಕ್ಕಿಟ್ಟು, ಮಗುವನ್ನು ಕೂಡಲೇ ಒಳಗೆ ಕರೆದೊಯ್ದರು. ಸಂಜೆಯ ಹೊತ್ತಿಗೆ ಬಲಗಡೆಯ ಉಸಿರಿನ ಕೊಳವೆಯಿಂದ ಅರ್ಧ ಕಡಲೆಬೀಜ ಹೊರಗೆ ಬಂತು. "ಇನ್ನೊಂದು ದಿನ ತಡ ಆಗಿದ್ರೆ..." ಎಂದು ವೈದ್ಯೆ ಅಲ್ಲಿಗೇ ನಿಲ್ಲಿಸಿ, "ನಿಮಗೆ ಹೇಗೆ ಗೊತ್ತಾಯ್ತು?" ಅಂದರು.

"ಗಾಡಿ ಸುಮ್ನಾಯ್ತು. ಕೇಳಿಸ್ತು," ಎಂದರು ಮಾವ, ಕೀರ್ತಿಯೆಲ್ಲ ಅದಕ್ಕೇ ಸಲ್ಲಬೇಕೆಂಬಂತೆ.

ನಾನು ಅವರ ಕಾಲಿಗೆ ಬಿದ್ದು ಅತ್ತುಬಿಟ್ಟೆ. ಮಗು ಈಗ ಮನೆಯೆಲ್ಲ ಓಡಾಡುತ್ತದೆ. ಆದರೂ ಕಾರು ನಿಶ್ಶಬ್ದವಾಗಿ ನಿಂತಾಗ ನಾನು ಬೇಕೆಂದೇ ಏನಾದರೂ ಹರಟುತ್ತೇನೆ. ಹೋದ ವಾರ ಅವರ ಕಿವಿ ನನ್ನ ಕಡೆ ತುಸು ಹೆಚ್ಚು ಹೊತ್ತು ನಿಂತಿತ್ತು. ಏನೆಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಬರಲಿರುವುದನ್ನು ಮುಂಚಿತವಾಗಿ ಅರಿಯುವ ಇಂಥವರನ್ನು ಮನೆಯವರು ನಂಬುತ್ತಾರೆ, ನೆಚ್ಚುತ್ತಾರೆ, ಮಕ್ಕಳನ್ನು ಅವರ ಮಡಿಲಿಗೆ ಹಾಕುತ್ತಾರೆ. ಅವರ ಎದುರು ನಿರಾಳವಾಗಿ ಉಸಿರಾಡುವುದು ಮಾತ್ರ ಯಾರಿಂದಲೂ ಆಗುವುದಿಲ್ಲ. ಅವರಾದರೋ ಎಲ್ಲರ ಉಸಿರನ್ನೂ ಕಾಯುತ್ತ ಒಂಟಿಯಾಗಿ ಕುಳಿತಿರುತ್ತಾರೆ. ಅವರ ಎದೆಗೆ ಕಿವಿಗೊಡುವ ವಿದ್ಯೆ ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ.