ಕೆಂಗೇರಿಯಲ್ಲಿ ಕ್ರಾಸಿಂಗ್

ಗಾಡಿ ನಿಂತೇಬಿಟ್ಟಿತು. ಕೆಂಗೇರಿ. ಶ್ಯಾಮಸುಂದರನಿಗೆ ಒಳಗೊಳಗೇ ಖುಷಿಯಾಯಿತು. ತಡವಾದಷ್ಟೂ ಲಾಭವೇ.

"ಕ್ರಾಸಿಂಗು ಸಾರ್," ಎಂದರು ಎದುರು ಸೀಟಿನ ಮುನಿವೆಂಕಟಪ್ಪ. ಪೇಟೆಯಲ್ಲಿ ಅವರೆಕಾಯಿ ಮಾರಿ ಬಿಡದಿಯ ಮಗಳ ಮನೆಗೆ ಹೊರಟಿದ್ದ ಮುದುಕರು. "ಒಂದೇ ಹಳಿ ಅಲ್ವಾ? ಮೈಸೂರಿಂದು ಬಂದು ನಿಂತ್ಮೇಲೇ ನಮ್ದು ಬಿಡೋದು."

ಶ್ಯಾಮಸುಂದರ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಈ ಹಳಿ ಮಹಾರಾಜರ ಕಾಲದ್ದೆಂದು ವರ್ಷ ವರ್ಷವೂ ಹುಡುಗರಿಗೆ ಹೇಳಿ ನಿದ್ದೆ ಬರಿಸಿದ್ದ. ಮುದುಕರ ಇತಿಹಾಸವೇ ಬೇರೆ. ಅವರ ಅಜ್ಜ ಇಲ್ಲಿ ಮಣ್ಣು ಹೊತ್ತಿದ್ದರಂತೆ. ಮೊದಲ ಇಂಜಿನ್ನಿಗೆ ಊರ ಹೆಂಗಸರು ಅರಿಶಿನ ಕುಂಕುಮ ಹಚ್ಚಿದ್ದರಂತೆ. ಆಮೇಲೆ ಸೊಪ್ಪು, ಹಾಲು, ರೇಷ್ಮೆಗೂಡು ಎಲ್ಲ ಈ ಸ್ಟೇಷನ್ನಿನಿಂದಲೇ ಪೇಟೆ ಸೇರಿದವಂತೆ.

"ಹೆಣ್ಣು ಕೊಡೋದು, ತರೋದು, ಎಲ್ಲಾ ಈ ರೈಲಲ್ಲೇ. ನೀವೆಲ್ಲಿಗೆ ಸಾರ್?"

"ಮೈಸೂರಿಗೆ."

"ಏನ್ ಕೆಲ್ಸ?"

"ಹೀಗೇ."

ಹೀಗೇ ಏನಲ್ಲ. ಹೆಂಡತಿ ತುಂಗಾ ಮೈಸೂರಿನ ತೌರು ಸೇರಿ ತಿಂಗಳುಗಳಾಗಿದ್ದವು. "ನೀವು ಮನೇಲಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ," ಎಂದು ಹೇಳಿ ಹೋಗಿದ್ದಳು. ಜಗಳವೂ ಆಗಿರಲಿಲ್ಲ. ಮೊನ್ನೆ ಅವಳ ತಮ್ಮ ವೆಂಕಟಗಿರಿ ಬೆಂಗಳೂರಿನ ವಿಜಯನಗರದ ಮನೆಗೆ ಬಂದು ಖಡಾಖಂಡಿತವಾಗಿ ಹೇಳಿದ್ದ: "ಭಾನುವಾರ ಹಿರಿಯರು ಸೇರ್ತಾರೆ ಭಾವ. ನೀವೇ ಬಂದು ಕರೀಬೇಕು. ಬರ್ಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು ಅಂದ್ಕೋತೀವಿ."

ಇವತ್ತು ಭಾನುವಾರ. 'ಬಾ ತುಂಗಾ' ಎಂದರೆ ಸಾಕಿತ್ತು. ಬೆಂಗಳೂರು ಬಿಟ್ಟಾಗಿನಿಂದ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದ. ನಾಲಗೆ ಹೊರಳುತ್ತಿರಲಿಲ್ಲ.

ಬಾಯಿ ಒಣಗಿತು. ಸೀಟಿನ ಮೇಲೆ ಕರ್ಚೀಫು ಹಾಸಿದ. "ಸ್ವಲ್ಪ ನೋಡ್ಕೊಳ್ಳಿ, ನೀರು ಕುಡಿದು ಬರ್ತೀನಿ."

"ಹೋಗ್ಬನ್ನಿ ಸಾರ್. ಯಾರ್ನೂ ಕೂರಿಸಲ್ಲ."

ಹಳಿ ದಾಟಿ ನಲ್ಲಿಗೆ ಬಾಯೊಡ್ಡಿದ್ದಾಗ ಮೈಸೂರಿಂದ ಬರುವ ಗಾಡಿ ಬುಸುಗುಟ್ಟುತ್ತ ಬಂದು ನಡುವೆ ನಿಂತಿತು. ಅವನ ಗಾಡಿ ಮರೆಯಾಯಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಅಡ್ಡ ನಿಂತ ಗಾಡಿಯನ್ನು ಈ ಬಾಗಿಲಲ್ಲಿ ಹತ್ತಿ ಆ ಬಾಗಿಲಲ್ಲಿ ಇಳಿಯುತ್ತಾರೆ. ಅವನೂ ಹತ್ತಿದ.

ಒಳಗೆ ಆಚೆ ಬದಿಯ ಕಿಟಕಿಯ ಪಕ್ಕ ಒಂದು ಸೀಟು ಖಾಲಿಯಿತ್ತು. ಒಂದು ಗಳಿಗೆ ಅಷ್ಟೇ ಎಂದುಕೊಂಡು ಕೂತ.

"ಬೆಂಗ್ಳೂರಿಗಾ?" ಪಕ್ಕದ ಹೆಂಗಸು ಕೇಳಿದಳು.

"ಹೂಂ," ಎಂದುಬಿಟ್ಟ. ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಯಿತು.

ಈ ಗಾಡಿ ತಂದ ಟೋಕನ್ನಿನ ಬಳೆಯನ್ನು, ಒಂಟಿ ಹಳಿಯ ಮೇಲೆ ಹೋಗಲು ಅಪ್ಪಣೆಯದು, ಸ್ಟೇಷನ್ ಮಾಸ್ಟರು ಅವನು ಬಿಟ್ಟುಬಂದ ಗಾಡಿಯ ಡ್ರೈವರಿಗೆ ದಾಟಿಸಿದರು. ಇನ್ನು ಮುಂದಿನ ದಾರಿ ಅದರದು. ಕೈಮರ ಇಳಿಯಿತು. ಸೀಟಿ. ಈಗಲೂ ಹಾರಿ ಹತ್ತಬಹುದಿತ್ತು, ಬಾಗಿಲು ಅಲ್ಲೇ ಇತ್ತು. ಕಾಲು ಏಳಲಿಲ್ಲ.

ಮೈಸೂರಿಗೆ ಹೋಗುವ ಗಾಡಿ ಅಲುಗಿತು. ಸದ್ಯ, ಎಂದುಕೊಂಡ ಶ್ಯಾಮಸುಂದರ. ಎದೆ ಹಗುರಾಯಿತು. ಎಷ್ಟೋ ದಿನಗಳ ಮೇಲೆ ಉಸಿರು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು. ನಗುವೂ ಬಂದೀತೆನ್ನಿಸಿತು.

ಎದುರಿನ ಕಿಟಕಿಗಳು ಒಂದೊಂದಾಗಿ ಸರಿದವು. ಅವನದೂ ಬಂತು. ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಅವನ ಸೀಟಿನ ಕಡೆ ಬಾಗಿದ್ದಳು. ಮುನಿವೆಂಕಟಪ್ಪ ಕರ್ಚೀಫಿನ ಮೇಲೆ ಅಂಗೈ ಒತ್ತಿ ಹಿಡಿದು, ತಲೆಯಾಡಿಸುತ್ತ ಗಟ್ಟಿಯಾಗಿ ಹೇಳುತ್ತಿದ್ದರು:

"ಕೂರ್ಬೇಡಮ್ಮ. ಇಲ್ಲಿ ಜನ ಇದಾರೆ."